ಏರಿನಲ್ಲಿ ನಿಲ್ಲುವ ಕ್ಲಚ್ಚು

ಕ್ಲಚ್ ಸುಟ್ಟದ್ದು ನಾನಂತೆ. ಬೆಳ್ಳಾರೆ ಪೇಟೆಯಲ್ಲಿ ಪಂಪು, ಪೈಪು ಮಾರುವ ನನ್ನ ಗಂಡ ದಿಶಾಂತ್ ನನ್ನನ್ನು ಒಂದು ಮಾತೂ ಕೇಳದೆ ಹಾಗೆಂದು ತೀರ್ಪು ಕೊಟ್ಟುಬಿಟ್ಟ. ಎದುರಿಗೆ ಅವನನ್ನು ನಾನು ಬಹುವಚನದಲ್ಲೇ ಮಾತಾಡಿಸುವುದು. ಕತೆ ಹೇಳುವಾಗ ಏಕವಚನ. ಅಷ್ಟು ಸೇಡು ನನಗೂ ಇರಲಿ.

ನಮ್ಮದು ಕೆಂಪು ಬಣ್ಣದ ಟರ್ಬೊ ಕಾರು. ತಂದಾಗಲೇ ಜೋರಾಗಿ ಓಡುತ್ತಿತ್ತು. ಅದು ಸಾಲದೆಂದು ದಿಶಾಂತ್ ಮಂಗಳೂರಿಗೆ ಕೊಂಡುಹೋಗಿ, ಕಂಪ್ಯೂಟರ್ ಜೋಡಿಸಿ, ಎಂಜಿನ್ನಿನ ಬಲ ಹೆಚ್ಚಿಸುವ ರೀಮ್ಯಾಪ್ ಮಾಡಿಸಿಕೊಂಡು ಬಂದ. ಅಂದಿನಿಂದ ಅದಕ್ಕೆ ಸೊಕ್ಕು ಬಂತು. ಭಾನುವಾರ ಬಂತೆಂದರೆ ಅವನು ಅದನ್ನು ಅರಂತೋಡು ದಾಟಿಸಿ, ಮಡಿಕೇರಿ ರಸ್ತೆಯ ತಿರುವುಗಳಲ್ಲಿ ಓಡಿಸಿ, ಮುಖ ಬೆಳಗಿಸಿಕೊಂಡು ಮನೆಗೆ ಬರುತ್ತಿದ್ದ. ಉಳಿದ ದಿನ ಕಾರು ನನ್ನದು. ನಾನು ಪುತ್ತೂರಿನಲ್ಲಿ ಫಿಸಿಯೋಥೆರಪಿಸ್ಟ್. ಜನರ ಮಂಡಿ, ಸೊಂಟ, ಭುಜ ಸರಿಮಾಡುವುದು ನನ್ನ ಕೆಲಸ. ಮೊದಲು ಬಸ್ಸಿನಲ್ಲಿ ಹೋಗುತ್ತಿದ್ದೆ. ಬೆಳ್ಳಾರೆಯಿಂದ ಪುತ್ತೂರಿನವರೆಗಿನ ಅರ್ಧ ದಾರಿಯನ್ನು ಯಾರದೋ ಕಂಕುಳಿನ ಕೆಳಗೆ ಕಳೆದವಳು ನಾನು. ಆ ಕಾಲ ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಕಾರು ಬಂದ ಮೇಲೆ ಬೇಕಾದ ಹಾಡು ಹಾಕಿಕೊಂಡು, ಯಾರ ಹಂಗೂ ಇಲ್ಲದೆ ಹೋಗಿ ಬರುವುದು ಅಭ್ಯಾಸವಾಯಿತು. ಇಡೀ ದಿನದಲ್ಲಿ ಪೂರ್ತಿ ನನ್ನದೆನ್ನುವ ಹೊತ್ತು ಅದೊಂದೇ.

ಮಳೆಗಾಲ ಮುಗಿಯುತ್ತಿದ್ದ ಹಾಗೆ ಕ್ಲಚ್ಚು ಜಾರತೊಡಗಿತು. ಏರಿನಲ್ಲಿ ಎಂಜಿನ್ ಬೊಬ್ಬೆ ಹೊಡೆಯುವುದು, ಕಾರು ಮಾತ್ರ ತನಗೆ ಸಂಬಂಧವೇ ಇಲ್ಲದ ಹಾಗೆ ಮೆಲ್ಲ ಹೋಗುವುದು.

“ನೀನು ಕ್ಲಚ್ಚಿನ ಮೇಲೆ ಕಾಲಿಟ್ಟೇ ಓಡಿಸುದು. ಅದಕ್ಕೇ ಸುಟ್ಟದ್ದು,” ಎಂದ ದಿಶಾಂತ್. “ಈ ಸಲ ಗಟ್ಟಿಯದ್ದು ಹಾಕ್ಸುದು. ಹಾಕ್ಸಿದ ಮೇಲೆ ನೀನು ಮುಟ್ಟುದು ಬೇಡ ಮಾರಾಯ್ತಿ. ಪುತ್ತೂರಿಗೆ ಬಸ್ಸು ಉಂಟಲ್ಲ, ಬೇಕಾದಷ್ಟು.”

ನನ್ನ ಮೈ ಉರಿದುಹೋಯಿತು. ಆದರೆ ಅವನು ನನ್ನ ಮುಖ ನೋಡಲೇ ಇಲ್ಲ, ಮೊಬೈಲಿನಲ್ಲಿ ಕ್ಲಚ್ಚಿನ ವಿಡಿಯೋ ನೋಡುತ್ತಿದ್ದ.

ಊಟಕ್ಕೆ ಕೂತಾಗಲೂ ಕ್ಲಚ್ಚು, ಮಲಗುವಾಗಲೂ ಕ್ಲಚ್ಚು. ಕೇಳಿ ಕೇಳಿ ನನಗೂ ವಿಷಯ ತಿಳಿಯಿತು. ಎರಡು ಬಗೆಯವು ಅವನ ತಲೆಯಲ್ಲಿ ಕುಸ್ತಿ ಆಡುತ್ತಿದ್ದವು. ಒಂದರ ಪ್ಲೇಟು ಮಾಮೂಲಿಯ ಹಾಗೆ ಮೆತ್ತಗಿನದ್ದೇ, ಒತ್ತಿ ಹಿಡಿಯುವ ಸ್ಪ್ರಿಂಗು ಮಾತ್ರ ಗಟ್ಟಿ. ದಿನಾ ಓಡಿಸುವ ನಮ್ಮಂಥ ಕಾರಿಗೆ ಅದು ಸಾಕು ಎಂದು ನಾನು ಹೇಳಿಯೂ ನೋಡಿದೆ. ಇನ್ನೊಂದು ರೇಸಿನದ್ದು. ಪ್ಲೇಟಿನ ಸುತ್ತ ಆರು ಸೆರಾಮಿಕ್ ಬಿಲ್ಲೆಗಳು. ಹಿಡಿದರೆ ಪೂರ್ತಿ ಹಿಡಿಯಿತು, ಬಿಟ್ಟರೆ ಪೂರ್ತಿ ಬಿಟ್ಟಿತು, ಮಧ್ಯದಲ್ಲಿ ಏನೂ ಇಲ್ಲ. ನನ್ನನ್ನು ನೋಡಲು ಬಂದ ದಿನ ಇದೇ ಗಂಡಸು ಚಾ ತಣಿಯುವ ಮೊದಲೇ ಒಪ್ಪಿಗೆ ಕೊಟ್ಟು ಎದ್ದು ಹೋಗಿದ್ದ. ಕ್ಲಚ್ಚಿಗೆ ವಾರಗಟ್ಟಲೆ ಬೇಕಾಯಿತು! ಕೊನೆಗೂ ಅವನ ಮನಸ್ಸು ನಿಂತದ್ದು ಸೆರಾಮಿಕ್ಕಿನ ಮೇಲೆಯೇ.

ಕ್ಲಚ್ ಸುಟ್ಟದ್ದು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಕಡೆ ರಸ್ತೆಯೆಂದರೆ ಒಂದೋ ಏರು, ಇಲ್ಲವೇ ಇಳಿಜಾರು. ಪ್ರತಿ ಏರಿನಲ್ಲೂ ಪರಿಚಯದವರೊಬ್ಬರು ನಿಂತೇ ಇರುತ್ತಾರೆ. ನಿಲ್ಲಿಸದೆ ಹೋದರೆ ಜಂಬ ಎನ್ನುತ್ತಾರೆ. ಎಂಜಿನ್ ಬಂದ್ ಮಾಡಿದರೆ ಮನೆಗೆ ಕರೆದು ಚಾ ಕುಡಿಸದೆ ಬಿಡುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ನಿಂತರೆ, ಮಾತಾಡಲು ಪುರುಸೊತ್ತಿದೆ ಎಂದು ಅವರು ಆರಾಮವಾಗಿ ಕಿಟಕಿಗೆ ಮೊಣಕೈ ಊರುತ್ತಾರೆ. ಇದಕ್ಕೆಲ್ಲ ನಮ್ಮವರು ಕಂಡುಹಿಡಿದ ಉಪಾಯ ಹಾಫ್ ಕ್ಲಚ್ಚು. ಕ್ಲಚ್ಚನ್ನು ಅರ್ಧ ಬಿಟ್ಟು, ಆಕ್ಸಿಲರೇಟರ್ ಮೆಲ್ಲ ಒತ್ತಿ, ಕಾರನ್ನು ಏರಿನಲ್ಲಿ ಅತ್ತ ಮುಂದೆಯೂ ಇಲ್ಲ ಇತ್ತ ಹಿಂದೆಯೂ ಇಲ್ಲದ ಹಾಗೆ ಹಿಡಿದುಕೊಂಡು ಮಾತಾಡುವುದು. ‘ನಿಂತಿದ್ದೇನೆ, ಆದರೆ ಹೊರಟಿದ್ದೇನೆ’ ಎಂದು ಅದರ ಅರ್ಥ. ಮೇಲೆ ಮರ್ಯಾದೆಯ ಮಾತು ನಡೆಯುವಾಗ ಒಳಗೆ ಪ್ಲೇಟು ಉಜ್ಜಿ ಉಜ್ಜಿ ಸಾಯುತ್ತಿರುತ್ತದೆ. ದಿಶಾಂತ್ ಈ ವಿದ್ಯೆಯಲ್ಲಿ ಪಂಡಿತ. ಪಂಪು ಮಾರುವವನಿಗೆ ಊರಿಡೀ ಗಿರಾಕಿಗಳಲ್ಲವೇ? ನಾನಾದರೋ ಹಾರ್ನ್ ಹೊಡೆದು, ಕೈ ಬೀಸಿ, ಹೋಗಿಬಿಡುವವಳು. ಯಾರಾದರೂ ಕೈ ಅಡ್ಡ ಹಿಡಿದು ನಿಲ್ಲಿಸಲು ಹೇಳಿದರೆ ಮಾತ್ರ ನಿಲ್ಲಿಸುತ್ತೇನೆ.

ಕ್ಲಚ್ಚು ಹಾಕುವವನು ಕಡಬದ ಬೇಸಿಲ್. ಅವನ ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ಹಾಕಿದ ಮನೆಯವರು. ಬೇಸಿಲನಿಗೆ ರಬ್ಬರ್ ಎಂದರೆ ಟಯರ್ ಮಾತ್ರ. ರಸ್ತೆ ಬದಿಯಲ್ಲೊಂದು ಶೆಡ್ಡು ಹಾಕಿಕೊಂಡು ಜೋರು ಓಡುವ ಕಾರುಗಳನ್ನು ಇನ್ನಷ್ಟು ಜೋರು ಮಾಡಿ ಕೊಡುತ್ತಾನೆ.

“ದಿಶಾಂತಣ್ಣ, ನಿಮ್ಮದೇ ಮಾಡೆಲಿನ ನನ್ನ ನೀಲಿ ಕಾರಿಗೆ ಆ ಸೆರಾಮಿಕ್ಕನ್ನೇ ಹಾಕಿದ್ದು. ಭಾನುವಾರ ಬನ್ನಿ, ಓಡಿಸಿ ನೋಡಿ. ಮತ್ತೆ ನೀವು ಬೇರೆಯದ್ದರ ಸುದ್ದಿ ಎತ್ಲಿಕ್ಕಿಲ್ಲ,” ಎಂದು ಫೋನಿನಲ್ಲಿ ಹೇಳಿದ.

ಅದು ಕಿವಿಗೆ ಬಿದ್ದದ್ದೇ ನನ್ನ ತಲೆ ಓಡತೊಡಗಿತು. ಬೇಸಿಲನ ಶೆಡ್ಡಿನಿಂದ ಹೊರಟರೆ ಸಿಗುವ ದೊಡ್ಡ ಏರಿನ ಬದಿಯಲ್ಲೇ ನನ್ನ ಸೋದರಮಾವ ಕುಕ್ಕಪ್ಪನ ಮನೆ. ಹಿತ್ತಿಲಿಗೆ ಹೋಗಿ ಮಾವನಿಗೆ ಫೋನ್ ಮಾಡಿದೆ.

“ಮಾವ, ಭಾನುವಾರ ಬೆಳಿಗ್ಗೆ ನಿಮ್ಮ ಏರಿನಲ್ಲಿ ಬೇಸಿಲನ ನೀಲಿ ಕಾರು ಬರ್ತದೆ. ಇವರು ಓಡಿಸ್ತಾರೆ. ನೀವು ಕೈ ಅಡ್ಡ ಹಿಡಿದು ನಿಲ್ಲಿಸಿ ಮಾತಾಡಿಸ್ಬೇಕು.”

“ಎಂತ ಮಾತಾಡುದು?”

“ನಿಮಗೆ ಮಾತು ಹೇಳಿಕೊಡ್ಬೇಕಾ ಮಾವ? ನಾನು ಹೇಳಿದ್ದು ಅಂತ ಮಾತ್ರ ಹೇಳ್ಬೇಡಿ.”

ಭಾನುವಾರ ಕಡಬಕ್ಕೆ ಹೋದೆವು. ಶೆಡ್ಡಿನಲ್ಲಿ ಬೇಸಿಲ್ ಯಾವುದೋ ಕಾರಿನ ಗೇರ್‌ಬಾಕ್ಸ್ ಕೆಳಗಿಳಿಸಿ ಎಣ್ಣೆಯಲ್ಲಿ ಮಿಂದಿದ್ದ. ತನ್ನ ಕಾರಿನ ಕೀಲಿಯನ್ನು ಎಸೆದು, “ಹೋಗಿ ಬನ್ನಿ, ಅಲ್ಲಿಗಾಗುವಾಗ ಇದು ಮುಗೀತದೆ,” ಎಂದ. ದಿಶಾಂತ್ ಸ್ಟೇರಿಂಗ್ ಹಿಡಿದ, ನಾನು ಪಕ್ಕದಲ್ಲಿ ಕೂತೆ. ಕ್ಲಚ್ಚು ಬಿಟ್ಟದ್ದೇ ಕಾರು ಕುಪ್ಪಳಿಸಿ ನಿಂತುಹೋಯಿತು. ಇನ್ನೊಮ್ಮೆ ಸ್ಟಾರ್ಟ್ ಮಾಡಿದ, ಇನ್ನೊಮ್ಮೆ ಕುಪ್ಪಳಿಸಿತು.

“ರೇಸಿಂಗ್ ಕ್ಲಚ್ಚಿನ ಲಕ್ಷಣವೇ ಹಾಗೆ,” ಎಂದ, ಬೆವರು ಒರೆಸಿಕೊಳ್ಳುತ್ತಾ.

“ಹೌದಾ? ಒಳ್ಳೆ ಲಕ್ಷಣ,” ಎಂದೆ ನಾನು.

ಹೊರಟ ಮೇಲೆ ಮಾತ್ರ ಕಾರು ಚೆನ್ನಾಗಿಯೇ ಓಡಿತು, ಸುಳ್ಳು ಹೇಳಬಾರದು. ಗೇರು ಬದಲಿಸಿದಾಗೆಲ್ಲ ಬೆನ್ನಿಗೆ ಯಾರೋ ಗುದ್ದಿದ ಹಾಗೆ ಮುಂದಕ್ಕೆ ಚಿಮ್ಮುತ್ತಿತ್ತು. ದಿಶಾಂತನ ಮುಖ ಅರಳಿತು, ನನಗೆ ಬಸ್ಸಿನ ಭಯ ಶುರುವಾಯಿತು. ಅಷ್ಟರಲ್ಲಿ ದೊಡ್ಡ ಏರು ಬಂತು. ಏರಿನ ನಟ್ಟನಡುವೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕುಕ್ಕಪ್ಪ ಮಾವ ಎರಡೂ ಕೈ ಎತ್ತಿ ನಿಂತಿದ್ದರು.

ದಿಶಾಂತ್ ನಿಲ್ಲಿಸಿದ. ಹೆಂಡತಿಯ ಸೋದರಮಾವ, ಮೇಲಿಂದ ಪಂಪಿನ ಗಿರಾಕಿ. ನಿಲ್ಲಿಸದೆ ಏನು ಮಾಡುತ್ತಾನೆ? ಕೈ ಹ್ಯಾಂಡ್‌ಬ್ರೇಕಿನ ಕಡೆ ಹೋಗಲಿಲ್ಲ. ಅಭ್ಯಾಸಬಲದಿಂದ ಕಾಲು ಹಾಫ್ ಕ್ಲಚ್ಚಿಗೆ ಹೋಯಿತು.

“ಏನು ಅಳಿಯಂದಿರು, ಈ ಕಡೆ? ನೀವು ಕೊಟ್ಟ ಪಂಪು ಒಂಥರಾ ಶಬ್ದ ಮಾಡ್ತದೆ ಮಾರಾಯ್ರೆ,” ಎಂದು ಮಾವ ಸುರುಮಾಡಿದರು.

“ಎಂತ ಶಬ್ದ ಮಾವ?” ಎಂದು ದಿಶಾಂತ್ ಕೇಳುವಷ್ಟರಲ್ಲಿ ಕಾರು ಗಡಗಡ ನಡುಗಿ ಒಂದು ಗೇಣು ಮುಂದೆ ಹಾರಿತು. ಮಾವ ಪಕ್ಕಕ್ಕೆ ಹಾರಿದರು. ಕಾರು ಹಿಂದೆ ಜಾರಿತು. ಮಾವ ಹಿಂದೆ ಬಂದರು. ಪಂಪಿನ ಕತೆ ಫೂಟ್‌ವಾಲ್ವಿಗೆ ಬಂತು, ಅಲ್ಲಿಂದ ತೋಡಿನ ನೀರಿಗೆ ಹೋಯಿತು. ಮಾವ ಒಂದೊಂದು ಮಾತಾಡಿದಾಗಲೂ ಕಾರು ತಲೆ ಕುಣಿಸುತ್ತಿತ್ತು.

“ಎಂತದು ಮಾರಾಯ್ರೆ, ಕಾರಿಗೆ ಭೂತದ ದರ್ಶನ ಬಂದದ್ದಾ?” ಎಂದು ಮಾವ ಕೇಳಿದರು.

ನನಗೆ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಸುಟ್ಟ ವಾಸನೆ ಒಳಗೆಲ್ಲ ತುಂಬಿತು. “ಎಂತದೋ ವಾಸನೆ ಬರ್ತದಲ್ಲ?” ಎಂದೆ, ಬಹಳ ಮೆತ್ತಗೆ. ದಿಶಾಂತನ ಕಿವಿ ಕೆಂಪಗಾಯಿತು.

ಅಲ್ಲಿಗೆ ನಾನು ಗೆದ್ದಿದ್ದೆ. ಆದರೆ ಮಾವ ಬಿಟ್ಟರೆ ತಾನೆ? ಕಿಟಕಿಯಲ್ಲಿ ತಲೆ ತೂರಿಸಿ, “ಸುಪ್ರಿತಾ, ಇಷ್ಟು ಮಾತು ಸಾಕಾ? ಇನ್ನು ಸ್ವಲ್ಪ ಬೇಕಾ?” ಎಂದು ಕೇಳಿಬಿಟ್ಟರು.

ದಿಶಾಂತ್ ನನ್ನ ಕಡೆ ತಿರುಗಿ ನೋಡಿದ. ನಾನು ರಸ್ತೆಯ ಕಡೆ ನೋಡಿದೆ. ಅವನು ಏರು ಹತ್ತಿಸಿ, ಸಮತಟ್ಟಿನಲ್ಲಿ ಕಾರು ನಿಲ್ಲಿಸಿ ಕೆಳಗಿಳಿದ.

“ಬಾ ಈ ಕಡೆ. ನೀನು ಓಡಿಸು,” ಎಂದ. “ಸುಡುದು ನಾನು ಅಂತ ತೋರಿಸ್ಲಿಕ್ಕೆ ಜನ ನಿಲ್ಲಿಸಿದ್ದಲ್ವಾ? ಸರಿ. ಈಗ ಶೆಡ್ಡಿನವರೆಗೆ ನೀನು ಹೋಗು. ವಾಸನೆ ಬರದೆ ತಲುಪಿದ್ರೆ ನೀನು ಹೇಳಿದ ಕ್ಲಚ್ಚು, ಕಾರೂ ನಿನ್ನದೇ. ವಾಸನೆ ಬಂದ್ರೆ ನಾಳೆಯಿಂದ ಬಸ್ಸು.”

“ಆಗ್ಬಹುದು,” ಎಂದೆ.

ಆ ಪೆಡಲು ಎಷ್ಟು ಗಡುಸೆಂದರೆ, ನನ್ನಲ್ಲಿಗೆ ಬರುವ ಮಂಡಿನೋವಿನವರಿಗೆ ವ್ಯಾಯಾಮಕ್ಕೆ ಕೊಡಬಹುದಿತ್ತು. ಆದರೂ ಹಳೆಯ ವಾಸನೆ ಹೋಗುವವರೆಗೆ ಕಾದು, ನಾನು ಜಾಗ್ರತೆಯಿಂದ ಹೊರಡಿಸಿದೆ, ಬೇರೆ ದಾರಿಯಲ್ಲಿ ಸುತ್ತಿ ಶೆಡ್ಡಿನ ಕಡೆ ತಿರುಗಿಸಿದೆ. ಎದುರಿಂದ ಬಂದ ರಿಕ್ಷಾಕ್ಕೆ ದಾರಿ ಬಿಟ್ಟೆ, ದನಗಳಿಗೂ ದಾರಿ ಬಿಟ್ಟೆ. ವಾಸನೆ ಇಲ್ಲ. ದಿಶಾಂತ್ ಮೂಗು ಅರಳಿಸಿಕೊಂಡು ಕೂತಿದ್ದ.

ಶೆಡ್ಡಿಗೆ ಮೊದಲಿನ ಕೊನೆಯ ಏರಿನಲ್ಲಿ ಒಬ್ಬ ಹೆಂಗಸು ಕೈ ಅಡ್ಡ ಹಿಡಿದಳು. ಒಂದು ಕೈಯಲ್ಲಿ ಚೀಲ, ಬೆವರಿದ ಮುಖ. ಹತ್ತಿರವಾದಾಗ ಗುರುತು ಸಿಕ್ಕಿತು. ಬೇಸಿಲನ ತಾಯಿ ಮರಿಯಕುಟ್ಟಿ. ಹೋದ ವರ್ಷ ಅವರ ಹಿಡಿದುಹೋದ ಭುಜವನ್ನು ನಾನೇ ಸರಿಮಾಡಿದ್ದು. ಈಗ ಎತ್ತಿ ಹಿಡಿದದ್ದು ಅದೇ ಕೈ.

ನನ್ನ ಕಾಲು ಬ್ರೇಕಿನ ಮೇಲೆ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಬಹುದು, ನಿಜ. ಆದರೆ ಇಷ್ಟು ಕಡಿದಾದ ಏರಿನಲ್ಲಿ ಪುನಃ ಹೊರಡುವಾಗ ಈ ಕ್ಲಚ್ಚು ಒದ್ದಾಡಿ ವಾಸನೆ ಬರಿಸದೆ ಇರುತ್ತದೆಯೇ? ಪಕ್ಕದಲ್ಲಿ ದಿಶಾಂತ್ ನಗಲು ತಯಾರಾಗಿದ್ದ. ನನಗೆ ಬಸ್ಸು ಕಂಡಿತು, ಕಂಕುಳು ಕಂಡಿತು. ಆಕ್ಸಿಲರೇಟರ್ ಒತ್ತಿದೆ. ನೀಲಿ ಕಾರು ಗರ್ಜಿಸಿಕೊಂಡು ಮರಿಯಕುಟ್ಟಿಯ ಪಕ್ಕದಿಂದ ಹಾದುಹೋಯಿತು. ಕನ್ನಡಿಯಲ್ಲಿ ನೋಡಿದರೆ ಆ ಕೈ ಇನ್ನೂ ಇಳಿದಿರಲಿಲ್ಲ.

ನನಗೆ ನಾಚಿಕೆಯಾಯಿತು. ಗೆದ್ದ ಖುಷಿಗಿಂತ ನಾಚಿಕೆಯೇ ಜಾಸ್ತಿ ಆಯಿತು.

ಶೆಡ್ಡಿನಲ್ಲಿ ದಿಶಾಂತ್ ಕಾರಿನ ಸುತ್ತ ಬಂದು ಮೂಸಿ ನೋಡಿದ, ಬಾನೆಟ್ ಎತ್ತಿಸಿಯೂ ಮೂಸಿದ. ಕೊನೆಗೆ ಕಿಸೆಯಿಂದ ನಮ್ಮ ಕೆಂಪು ಕಾರಿನ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟ. ಗಂಡನ ಬಗ್ಗೆ ಒಳ್ಳೆಯದೂ ಹೇಳಬೇಕಲ್ಲ, ಅವನು ಮಾತಿಗೆ ತಪ್ಪುವವನಲ್ಲ.

“ಮೆತ್ತಗಿನದ್ದೇ ಹಾಕು ಬೇಸಿಲ್,” ಎಂದ.

“ಛೆ, ದಿಶಾಂತಣ್ಣ! ಅದು ಅಜ್ಜಂದಿರಿಗೆ ಆಗುದು. ಇದಾದ್ರೆ ಕಾರಲ್ಲ, ಬಾಣ!” ಎಂದು ಬೇಸಿಲ್ ಶುರುಮಾಡಿದ್ದನಷ್ಟೆ. ಏರು ಹತ್ತಿ ಏದುಸಿರು ಬಿಡುತ್ತಾ ಮರಿಯಕುಟ್ಟಿ ಒಳಗೆ ಬಂದರು. ಚೀಲವನ್ನು ಟೂಲ್‌ಬಾಕ್ಸಿನ ಮೇಲೆ ಇಟ್ಟರು. ಅದರಿಂದ ಮೀನುಸಾರಿನ ಪರಿಮಳ ಬಂತು. ಮಗನಿಗೆ ಊಟ ತಂದಿದ್ದರು.

“ಎಡಾ ಬೇಸಿಲೇ, ಹೆತ್ತ ಅಮ್ಮಚ್ಚಿ ಕೈ ಅಡ್ಡ ಹಿಡಿದದ್ದು ನಿನಗೆ ಕಾಣುದಿಲ್ಲವಾ? ರಸ್ತೆಯ ದನಕ್ಕಾದ್ರೂ ನೀನು ನಿಲ್ಲಿಸ್ತಿ!”

ಬೇಸಿಲ್ ಕೈಯಲ್ಲಿ ಸ್ಪಾನರ್ ಹಿಡಿದುಕೊಂಡು ಕಣ್ಣು ಬಿಟ್ಟ. ಬಿಸಿಲಿಗೆ ಮರಿಯಕುಟ್ಟಿಗೆ ಕಾರಿನ ಒಳಗಿದ್ದವರು ಕಂಡಿರಲಿಲ್ಲ, ನೀಲಿ ಕಾರು ಮಾತ್ರ ಕಂಡಿತ್ತು. ನಾನು ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರಬೇಕೆಂದು ಅನಿಸಿತ್ತು ಕೂಡ. ದಿಶಾಂತ್ ಕಿಲಾಡಿ ನಗು ನಗುತ್ತಾ ನನ್ನನ್ನೇ ನೋಡುತ್ತಿದ್ದ.

“ಅಮ್ಮಚ್ಚಿ, ಬೇಸಿಲ್ ಅಲ್ಲ. ಓಡಿಸಿದ್ದು ನಾನು,” ಎಂದೆ. “ನಿಮ್ಮನ್ನು ಕಂಡೂ ನಿಲ್ಲಿಸ್ಲಿಲ್ಲ. ಈ ಕ್ಲಚ್ಚಿನಲ್ಲಿ ಆ ಏರಿನಲ್ಲಿ ನಿಲ್ಲಿಸಿದ್ರೆ ಮತ್ತೆ ತೆಗೀಲಿಕ್ಕೆ ಭಾರಿ ಕಷ್ಟ. ತಪ್ಪಾಯ್ತು.”

ಮರಿಯಕುಟ್ಟಿ ನನ್ನನ್ನು ನೋಡಿದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. ಮಗಳದ್ದೆಂಬಂತೆ ನನ್ನ ಕೆನ್ನೆ ಮುಟ್ಟಿ, ಮಗನ ಕಡೆ ತಿರುಗಿದರು.

“ಇವತ್ತು ನಿಲ್ಲಿಸದೆ ಹೋದದ್ದು ಈ ಮೋಳು. ಇಷ್ಟು ದಿನ ಹೋದದ್ದು ಯಾರು?”

ಬೇಸಿಲ್ ಸ್ಪಾನರ್ ಕೆಳಗಿಟ್ಟ. ಮರಿಯಕುಟ್ಟಿ ಊಟದ ಡಬ್ಬ ಬಿಚ್ಚಿ, ಅನ್ನಕ್ಕೆ ಸಾರು ಸುರಿದು, ಕೈ ತೊಳೆಯಲು ನೀರು ಕೊಟ್ಟರು. ಅವನು ಕೂತು ಒಂದು ತುತ್ತು ಕಲಸಿದ, ಬಾಯಿಗಿಡಲಿಲ್ಲ. ಎಡಗೈಯಿಂದ ಫೋನ್ ತೆಗೆದು ಮಂಗಳೂರಿನ ಅಂಗಡಿಗೆ ಹಚ್ಚಿದ.

“ಹಲೋ, ಬೇಸಿಲ್ ಕಡಬ. ಆ ಮೆತ್ತಗಿನ ಪ್ಲೇಟು ಉಂಟಲ್ಲ, ಅದು ಬೇಕಿತ್ತು,” ಎಂದ. ಒಮ್ಮೆ ತಾಯಿಯ ಮುಖ, ಒಮ್ಮೆ ತನ್ನ ನೀಲಿ ಕಾರು ನೋಡಿದ. “ಒಂದಲ್ಲ. ಎರಡು ಕಳಿಸಿ.”