ಒಂದನೇ ಮನೆಯ ಅಂಕಿ

ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ಟು ತಪ್ಪಿದರೆ ಟ್ರಂಪೆಟ್ಟಿನ ಸದ್ದಲ್ಲಿ ಹೇಗೋ ಮುಚ್ಚಿಹೋಗುತ್ತದೆ. ದೊಡ್ಡ ಡ್ರಮ್ಮು ತಪ್ಪಿದರೆ ಮುಚ್ಚಿಡುವುದೆಲ್ಲಿ? ಊರಿಗೇ ಡಂಗುರ.

ಹೊಳೆನರಸೀಪುರದ ಹಳೇ ಅಕ್ಕಿ ಗಿರಣಿಯ ಶೆಡ್ಡಿನಲ್ಲಿ ಅಭ್ಯಾಸ ನಡೆದಿತ್ತು. ಡ್ರಮ್ಮು ಬಾರಿಸುವ ಕೃಷ್ಣಪ್ಪ ಹಳೇಕೋಟೆಯಲ್ಲಿ ರಾಗಿ ಬೆಳೆಯುವವರು. ಕ್ಲಾರಿನೆಟ್ಟು ಊದುತ್ತ ಬ್ಯಾಂಡು ನಡೆಸುವ ಕುಮಾರ್, ಕೃಷ್ಣಪ್ಪನವರ ತಮ್ಮನ ಮಗ. ಹಾಗಾಗಿ ಅವನಿಗೆ ದೊಡ್ಡಪ್ಪನನ್ನು ಬೈಯುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ.

“ದೊಡ್ಡಪ್ಪ, ಈ ಸಲನೂ ತಡವಾಗಿ ಒಡ್ದೆ ಕಣಪ್ಪ. ಚನ್ನರಾಯಪಟ್ಟಣದ ಮದ್ವೆ ನಾಡಿದ್ದೇ ಐತೆ. ಇದೊಂದ್ಕೆ ದಿಲೀಪ ಬಾರಿಸ್ಲಿ, ನೀನು ಒಸಿ ಸುದಾರಿಸ್ಕೊ.”

“ಆಗ್ಲಿ ಕಣ್ಲಾ,” ಅಂದರು ಕೃಷ್ಣಪ್ಪ. ಅಷ್ಟೇ. ಜಗಳಕ್ಕೆ ನಿಂತಿದ್ದರೆ ಅಲ್ಲೇ ಇದ್ದ ಮಗಳು ಅನುಶ್ರೀ ಅಷ್ಟು ಹೆದರುತ್ತಿರಲಿಲ್ಲ.

ಅವಳ ಅಜ್ಜಿ, ಅಪ್ಪನ ತಾಯಿ ಬೆಟ್ಟಮ್ಮನಿಗೂ ಮರೆವು ಹೀಗೇ ಶುರುವಾಗಿತ್ತು. ಮೊದಲು ಸಾರಿಗೆ ಎರಡು ಸಲ ಉಪ್ಪು. ಆಮೇಲೆ ಸೊಸೆಯ ಹೆಸರು. ಕೊನೆಗೆ ಹೆತ್ತ ಮಗನನ್ನೇ “ಯಾವೂರಪ್ಪ ನಿಂದು?” ಅಂದಿತ್ತು ಆ ಜೀವ. ಏಟು ಹಾಕುವ ಮೊದಲು ಎಂಟರವರೆಗೆ ಎಣಿಸಲು ಅಪ್ಪನಿಗೆ ಆಗುತ್ತಿಲ್ಲವೆಂದರೆ ಅದರ ಅರ್ಥವೇನು? ಅನುಶ್ರೀಗೆ ಆ ಯೋಚನೆಯೇ ಬೇಡವಾಗಿತ್ತು, ಆದರೆ ಅದು ಬಿಟ್ಟುಹೋಗುತ್ತಿರಲಿಲ್ಲ.

ಬ್ಯಾಂಡಿನವರ ಮುಂದಿದ್ದ ಹಾಳೆಗಳ ಉಸಾಬರಿ ತಂದವಳೂ ಅವಳೇ. ಹಾಸನದ ಶಾಲೆಯೊಂದರಲ್ಲಿ ಸಂಗೀತ ಹೇಳಿಕೊಡುವ ಅವಳು, ಹೆಣ್ಣು ಮಂಟಪಕ್ಕೆ ಬರುವಾಗ ನುಡಿಸಲೆಂದು ಹೊಸದೊಂದು ಧಾಟಿ ಕಟ್ಟಿ ಲ್ಯಾಪ್‌ಟಾಪಿನಲ್ಲಿ ಸ್ವರಲಿಪಿ ಬರೆದಿದ್ದಳು. ಹಾಡನ್ನು ನೆಟ್ಟಗಿನ ಗೆರೆ ಎಳೆದು ಸಮಸಮ ಮನೆಗಳಾಗಿ ಹಂಚಿರುತ್ತಾರೆ, ಮನೆಗೊಂದು ಅಂಕಿ. ಡ್ರಮ್ಮು ಎಂಟು ಮನೆ ಸುಮ್ಮನಿದ್ದು ಒಂಬತ್ತಕ್ಕೆ ಬೀಳಬೇಕು. ಕೃಷ್ಣಪ್ಪನವರಿಗೆ ಸ್ವರಲಿಪಿ ಬಾರದು, ಆದರೆ ಅಂಕಿ ಓದಲು ಏನಡ್ಡಿ?

ಅಡ್ಡಿ ಸಾಫ್ಟ್‌ವೇರಿನದ್ದೇ. ಅದು ತನ್ನ ಪಾಡಿಗೆ ಬಿಟ್ಟರೆ ಸಾಲಿಗೊಂದರಂತೆ ಇರುವೆಯಷ್ಟು ಅಂಕಿ ಹಾಕುತ್ತಿತ್ತು. ಅಪ್ಪ ಹಾಳೆಯನ್ನು ಮಾರುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡುವುದನ್ನು ನೋಡಲಾರದೆ ಅನುಶ್ರೀ ಅದರ ಸೆಟ್ಟಿಂಗನ್ನೆಲ್ಲ ಜಾಲಾಡಿದಳು. ಪ್ರತಿ ಮನೆಗೂ ಅಂಕಿ ಬರಿಸಿದಳು, ಅದನ್ನು ಸ್ವರದ ಸಾಲಿನ ಕೆಳಗಿಳಿಸಿ, ದಪ್ಪ ಮಾಡಿ, ದೊಡ್ಡದು ಮಾಡಿದಳು. ಆಮೇಲೆ ನೋಡಿದರೆ ಮೊದಲನೇ ಮನೆ ಖಾಲಿ, ಅಂಕಿ ಎರಡರಿಂದ ಶುರು! “ಒಂದು ಅಂಕಿಗೂ ಗತಿಗೆಟ್ಟಿತಾ ಈ ಜುಗ್ಗ ಸಾಫ್ಟ್‌ವೇರು?” ಎಂದು ಬೈದುಕೊಂಡು ಒಂದನ್ನೂ ಹಾಕಿಸಿದ್ದಳು. ಅಷ್ಟೆಲ್ಲ ಮಾಡಿದ ಮೇಲೂ ಅಪ್ಪ ತಡವಾಗಿ ಹೊಡೆದರೆ ಅವಳು ಇನ್ನೇನು ಮಾಡಬೇಕಿತ್ತು?

ಕೊಣನೂರಿನಲ್ಲಿದ್ದ ದಿಲೀಪನಿಗೆ ಫೋನು ಮಾಡಲು ಕುಮಾರ್ ಹೊರಗೆ ಹೋದ. ಅನುಶ್ರೀ ಅಪ್ಪನ ಎದುರು ಬಂದು ಕೂತಳು.

“ಅಪ್ಪ, ಬಾರಿಸ್ಬೇಡ. ಬರೀ ಎಣ್ಸು, ನಂಗೆ ಕೇಳೋ ಅಂಗೆ.”

ಟ್ರಂಪೆಟ್ಟಿನ ಶಿವಕುಮಾರ್ ಮೆಲ್ಲಗೆ ನುಡಿಸಿದ. ಕೃಷ್ಣಪ್ಪ ಎಣಿಸತೊಡಗಿದರು.

“ಲಾಭ… ಒಂದು… ಎರಡು… ಮೂರು…”

“ನಿಲ್ಸಿ, ನಿಲ್ಸಿ! ಅಪ್ಪ, ಲಾಭ ಅಂದ್ರೇನೇ ಒಂದು ಅಲ್ವಾ?”

“ಊಂ ಮತ್ತೆ. ಕಣದಲ್ಲಿ ರಾಗಿ ಅಳ್ಯೋನು ಮೊದ್ಲ ಕೊಳಗಕ್ಕೆ ಒಂದು ಅಂದಾನಾ? ಲಾಭ, ಎರಡು, ಮೂರು. ನಮ್ಮಪ್ಪನ ಕಾಲ್ದಿಂದ್ಲೂ ಅಂಗೇ.”

“ಮತ್ತೆ ಲಾಭ ಆದ್ಮೇಲೆ ಒಂದು ಅಂತ ಯಾಕಂದೆ?”

ಕೃಷ್ಣಪ್ಪ ಹಾಳೆಯ ಮೇಲೆ ಬೆರಳಿಟ್ಟರು. “ನೀನೇ ಬರ್ದಿದ್ದೀಯಲ್ಲವ್ವ. ಓದಿರೋ ಮಗಳು ಸುಮ್‌ಸುಮ್ನೆ ಬರ್ದಾಳಾ ಅಂತ ಅದ್ನೂ ಏಳ್ದೆ.”

ಅನುಶ್ರೀಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅಪ್ಪನ ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಮಗಳ ಹಾಳೆಯ ಮೇಲಿನ ನಂಬಿಕೆಗೆ ಒಂದು ಮನೆ ಹೆಚ್ಚಿಗೆ ಎಣಿಸುತ್ತಿದ್ದರು, ಅಷ್ಟೇ. ಅವಳು ಲ್ಯಾಪ್‌ಟಾಪು ತೆರೆದು ಮೊದಲ ಮನೆಯ ಅಂಕಿ ಅಳಿಸಿದಳು. ಆ ಜಾಗದಲ್ಲಿ, ಉಳಿದ ಅಂಕಿಗಳಷ್ಟೇ ದಪ್ಪಕ್ಕೆ, ‘ಲಾಭ’ ಎಂದು ಟೈಪು ಮಾಡಿ, ಲ್ಯಾಪ್‌ಟಾಪನ್ನೇ ಎತ್ತಿ ಅಪ್ಪನ ಮುಂದೆ ಕುರ್ಚಿಯ ಮೇಲಿಟ್ಟಳು.

ಒಳಗೆ ಬಂದ ಕುಮಾರ್ ಬಗ್ಗಿ ನೋಡಿದ. “ಇದೇನೇ ಅನು, ಬ್ಯಾಂಡೋ ರಾಗಿ ಮಂಡಿಯೋ?”

“ಸುಮ್ನೆ ಊದಣ್ಣ ನೀನು.”

ಊದಿದ. ಕೃಷ್ಣಪ್ಪನವರ ತುಟಿ ಅಲುಗಾಡಿತು. ಎಂಟು ಮುಗಿಯಿತು, ಧಂ! ಶೆಡ್ಡಿನ ತಗಡು ಝಣ್ಣೆಂದಿತು. ಇನ್ನೊಮ್ಮೆ ನುಡಿಸಿದರು, ಆಗಲೂ ಏಟು ಅಲ್ಲಿಗೇ ಬಂದು ಬಿತ್ತು. ಕುಮಾರ್ ಕ್ಲಾರಿನೆಟ್ಟು ಕಂಕುಳಲ್ಲಿ ಸಿಕ್ಕಿಸಿಕೊಂಡು ಮತ್ತೆ ಫೋನು ತೆಗೆದ. “ಲೇ ದಿಲೀಪ, ಬಸ್ ಅತ್ಬೇಡ ಕಣ್ಲಾ. ನಮ್ ದೊಡ್ಡಪ್ಪನೇ ಸಾಕು.”

ಕೃಷ್ಣಪ್ಪ ಡ್ರಮ್ಮು ಇಳಿಸಿ, ಟವಲಿನಿಂದ ಮುಖ ಒರೆಸಿಕೊಂಡು ಮಗಳ ಪಕ್ಕ ಕೂತರು. ಒರೆಸಿದ ಮೇಲೂ ಒರೆಸುತ್ತಲೇ ಇದ್ದರು.

“ಅವ್ವಂಗೆ ಆದಂಗೇ ನಂಗೂ ಸುರುವಾಯ್ತು ಅಂದ್ಕಂಡ್ಬುಟ್ಟಿದ್ದೆ ಕಣವ್ವ. ನೀನು ಎದ್ರುಕೊಂಡೀಯ ಅಂತ ಬಾಯಿ ಬುಡ್ಲಿಲ್ಲ.”

ಅನುಶ್ರೀಯೂ ಅದಕ್ಕೇ ಬಾಯಿ ಬಿಟ್ಟಿರಲಿಲ್ಲ. ಅಪ್ಪನ ಕೈ ಹಿಡಿದುಕೊಂಡಳು.

ಅವರು ಕುರ್ಚಿಯತ್ತ ಬಗ್ಗಿ ಪರದೆಯನ್ನು ದಿಟ್ಟಿಸಿದರು. “ಆ ಲಾಭ ಅನ್ನೋದ್ನ ಇನ್ನೊಸಿ ದೊಡ್ದು ಮಾಡು ಮಗ. ಕಣ್ಣು ಮಾತ್ರ ನಿಜ್ವಾಗ್ಲೂ ಓಗೈತೆ.”