ಅಪೂರ್ವಳ ಗಸಗಸೆ

"ಇವತ್ತಿಗೆ ಮೂವತ್ತೆರಡು ದಿನ," ಎನ್ನುತ್ತಾ ಭಾನುಮತಿ ಟ್ರೇಯ ಮಣ್ಣನ್ನು ಬೆರಳಿನಿಂದ ಕೆದಕಿದರು. ಒಂದಾದರೂ ಮೊಳಕೆ ಬೇಡವೇ! "ತುಮಕೂರಲ್ಲಿ ನಾನ್ ಹಾಕಿದ್ ಬೀಜ ಹುಟ್ದೇ ಇದ್ದಿದ್ದೇ ಇಲ್ಲ. ಈ ಮಣ್ಣಿಗೆ ಅದೇನ್ ಹಟವೋ."

ಅಳಿಯ ಸುದರ್ಶನ್ ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದ. ಬೀಜ ಅವನ ಹೆಂಡತಿ ಅಪೂರ್ವಳದು. ಸ್ವೀಡನ್ನಿನ ಸೊಲ್ಲೆಂಟುನಾದ ಈ ಮನೆಗೆ ಬಂದ ವರ್ಷವೇ ಅವಳು ಬರ್ಚ್ ಮರದ ನೆರಳಿನಲ್ಲಿ ಹಳದಿ ಹೂವಿನ ಕಾಡುಗಸಗಸೆ ನೆಟ್ಟಿದ್ದಳು. ಹೋದ ಜೂನ್‌ನಲ್ಲಿ ಆಸ್ಪತ್ರೆಯ ಹಾಸಿಗೆಯಿಂದಲೇ, "ಅಮ್ಮಾ, ಕಾಯಿ ಒಡೆಯೋಕ್ ಮುಂಚೆ ಬೀಜ ತೆಗ್ದು ಜೋಪಾನ ಮಾಡಮ್ಮ," ಅಂದಳು. ಗಸಗಸೆ ಎಂದ ಮೇಲೆ ಅತ್ತೆಗೆ ಹೇಳಿಕೊಡಬೇಕೇ? ಪಾಯಸದ ಗಸಗಸೆಯನ್ನು ವರ್ಷಗಟ್ಟಲೆ ಕೆಡದಂತೆ ಇಟ್ಟ ಕೈ ಅದು. ತಟ್ಟೆಯಲ್ಲಿ ಹರಡಿ, ನಾಲ್ಕು ದಿನ ಬಿಸಿಲು ಕಾಣಿಸಿ, ಸ್ಟೀಲ್ ಡಬ್ಬಿಗೆ ತುಂಬಿಟ್ಟರು. ಜುಲೈನಲ್ಲಿ ಅಪೂರ್ವ ಹೋಗಿಬಿಟ್ಟಳು. ಅದೇ ವಾರ ಗಿಡಗಳೂ ಹಳದಿಯಾಗಿ ಮಲಗಿದವು. ಇವೂ ಹೋದವು ಅಂತ ಸುದರ್ಶನ್ ಗುದ್ದಲಿ ತಂದು ಎಲ್ಲ ಅಗೆದು ಹಾಕಿದ್ದ. ಉಳಿದದ್ದು ಡಬ್ಬಿಯೊಂದೇ. ಈ ಏಪ್ರಿಲ್‌ನಲ್ಲಿ ಮತ್ತೆ ಬಂದ ಅತ್ತೆ ಒಂದು ಕಾಳೂ ಬಿಡದೆ ಬಿತ್ತಿದ್ದರು.

ಬೇಲಿಯಾಚೆ ಪಕ್ಕದ ಮನೆಯ ಅಜ್ಜಿ ಬಿರ್ಗಿಟ್ಟಾ ಬಂದು ನಿಂತರು. ಗಿಡ ಸಾಕುವುದರಲ್ಲಿ ಈ ಬೀದಿಗೆಲ್ಲ ಅವರೇ ಡಾಕ್ಟರು. ಭಾನುಮತಿ ಓಡಿಹೋಗಿ ಖಾಲಿ ಡಬ್ಬಿ ತಂದು ತೋರಿಸಿದರು, ಬಿಸಿಲಿನ ಕಡೆ ಕೈ ಮಾಡಿದರು.

ಬಿರ್ಗಿಟ್ಟಾ ಮುಖ ಸಣ್ಣದಾಯಿತು. ಸುದರ್ಶನ್ ಕಡೆ ತಿರುಗಿ ಸ್ವೀಡಿಷ್‌ನಲ್ಲಿ ಮೆಲ್ಲಗೆ ಹೇಳಿದರು. "ಈ ಬೀಜ ಒಣಗಬಾರದು. ಹಸಿಯಾಗಿದ್ದಾಗಲೇ ಮಣ್ಣಿಗೆ ಹಾಕಬೇಕು. ಇನ್ನು ಹುಟ್ಟೋದಿಲ್ಲ. ಹೋಗಲಿ, ಹಳೇ ಗಿಡಗಳಿವೆಯಲ್ಲ? ಬೇಸಿಗೆಗೆ ಹಳದಿಯಾಗಿ ಮಲಗುತ್ತವೆ ಅಷ್ಟೆ, ಬೇರು ಬದುಕಿರುತ್ತೆ. ವಸಂತಕ್ಕೆ ಎದ್ದಿರಬೇಕಲ್ಲ?"

ಸುದರ್ಶನ್ ಲೋಟ ಕೆಳಗಿಟ್ಟು ಅಂಗೈ ನೋಡಿಕೊಂಡ. ಅಂದು ಬೇರು ಕಡಿದಾಗ ಅರಿಶಿನದಂಥ ಹಾಲು ಅವನ ಅಂಗೈಗೆಲ್ಲ ಮೆತ್ತಿಕೊಂಡಿತ್ತು. ಜೀವ ಇತ್ತು. ಇದ್ದ ಜೀವವನ್ನೇ ಕಡಿದು ಎಸೆದಿದ್ದ, ಪಾಪಿ.

"ಏನಂತಾರೆ ಅವ್ರು?" ಭಾನುಮತಿ ಕೇಳಿದರು.

"ಸ್ವಲ್ಪ ಟೈಮ್ ಬೇಕಂತೆ, ಅತ್ತೆ. ಇಲ್ಲಿ ಚಳಿ ಅಲ್ವಾ. ಕಾದು ನೋಡ್ಬೇಕಂತೆ."

ಭಾನುಮತಿ ಅವನ ಮುಖವನ್ನೇ ನೋಡಿದರು. ಬಿರ್ಗಿಟ್ಟಾ ತಮ್ಮ ಮನೆಯೊಳಗೆ ಹೋದರು.

"ಹೋದ್ ವರ್ಷ ಆಸ್ಪತ್ರೇಲಿ ಆ ಡಾಕ್ಟರಮ್ಮನೂ ಇದೇ ಅಂದ್ರು ಅಂತ ಹೇಳಿದ್ರಿ. ಸ್ವಲ್ಪ ಟೈಮ್ ಬೇಕಂತೆ ಅಂತ."

ಅವನು ಟ್ರೇಯ ಕಡೆ ತಿರುಗಿದ.

"ಆಗ್ಲೂ ನಂಗೆ ಗೊತ್ತಾಗಿತ್ತು, ಅಳಿಯಂದಿರೇ. ನಿಮ್ ಮುಖ ಸುಳ್ಳು ಹೇಳಲ್ಲ. ಒಬ್ರೇ ಹೊತ್ಕೊಂಡಿದ್ದೀರಲ್ಲಾ, ನಾನೂ ಕೇಳಿ ಹಿಂಸೆ ಕೊಡೋದ್ ಬೇಡ ಅಂತ ಸುಮ್ನಿದ್ದೆ." ಡಬ್ಬಿಯ ಮುಚ್ಚಳ ತಿರುಗಿಸಿ ಹಾಕಿದರು. "ಬಿಸಿಲಿಗೆ ಇಡ್ಬಾರ್ದಿತ್ತು. ಅಲ್ವಾ?"

"ಗಿಡಾನೂ ಬದುಕಿತ್ತಂತೆ ಅತ್ತೆ," ಎಂದ ಸುದರ್ಶನ್, ಅಳು ತಡೆಯದೆ. "ನಾನೇ ಕಿತ್ತಾಕ್ದೆ. ನಾನೇ."

ಭಾನುಮತಿ ಹತ್ತಿರ ಬಂದು ಅವನ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ದಿನಾ ಮಾಡುವಂತೆ ಚೊಂಬು ಎತ್ತಿಕೊಂಡು ಟ್ರೇಗೆ ನೀರು ಹಾಕಿದರು. ಅರ್ಧಕ್ಕೆ ನಿಲ್ಲಿಸಿ, ಚೊಂಬನ್ನು ಅಳಿಯನ ಕೈಗೆ ಕೊಟ್ಟರು. ಅವನು ಮೊಣಕಾಲೂರಿ ಕೂತು, ಮಿಕ್ಕ ನೀರನ್ನು ನಿಧಾನವಾಗಿ ಹಾಕಿದ.