ಒಡೆಸಿದವನು

“ಮೂಗಿಗೆ ಹೊಡಿಯೇ ಅಂದ್ರೆ ಕಂಬ ಸವರ್ಕೊಂಡು ಕೂತಿದೀಯಲ್ಲೇ, ಒಡ್ಡರ ಮುಂಡೆ! ಸತ್ತ ನಿನ್ ಗಂಡನ ಮುಖ ಕಂಡಂಗಾಯ್ತೇನೇ?”

ಚತ್ರದ ಜಗಲಿಯ ಕೆಳಗೆ ಬೈಕು ನಿಲ್ಲಿಸಿಕೊಂಡು ಈರಭದ್ರಪ್ಪ ಕೂಗಿದ. ದುರ್ಗಮ್ಮ ಕಂಬದ ಮೇಲಿನ ಹೆಣ್ಣುಮೂರ್ತಿಯ ಮೂಗಿಗೆ ಉಳಿ ಇಟ್ಟಳು, ಸುತ್ತಿಗೆ ಎತ್ತಿದಳು, ಮತ್ತೆ ಇಳಿಸಿದಳು. ಕಲ್ಲು ಒಡೆಯುವುದಕ್ಕೆ ಕಾರಣ ಕೇಳಿ ಗೊತ್ತಿದ್ದವಳಲ್ಲ ಅವಳು. ಪಾಯಕ್ಕೆ ಅಂದರೆ ಪಾಯಕ್ಕೆ, ಜಲ್ಲಿಗೆ ಅಂದರೆ ಜಲ್ಲಿಗೆ, ಐವತ್ತೆರಡು ವರ್ಷದ ಬದುಕಿನಲ್ಲಿ ಮುಕ್ಕಾಲು ಪಾಲು ಸುತ್ತಿಗೆಯ ಜೊತೆಗೇ ಕಳೆದಿತ್ತು. ಆದರೆ ಈ ಭಾನುವಾರದ ಕೆಲಸದ ತಲೆಬುಡ ಮಾತ್ರ ಅವಳಿಗೆ ಹತ್ತಲಿಲ್ಲ.

“ಅಲ್ಲ ಯಜಮಾನ್ರೇ, ಬೀಳೋ ಕಟ್ಟಡ, ಯಾರ ತಲೆ ಮೇಲಾದ್ರೂ ಬಿದ್ದಾತು ಅಂದ್ರಿ. ಅಂಗಿದ್ರೆ ಮಾಡು ಇಳಿಸ್ಬೇಕು. ಮೂಗು ಯಾಕೆ ಒಡೀಬೇಕು?”

“ನೀನೇನು ಇಂಜಿನಿಯರಾ? ಹೇಳಿದಷ್ಟು ಮಾಡು. ಆರು ಕಂಬದ ಗೊಂಬೆ, ಬಾಗಿಲ ಪಕ್ಕದ ಬರಹ. ಸಂಜೆಯೊಳಗೆ ಆಗ್ಬೇಕು. ಆಮೇಲೆ ನಿಮ್ಮ ಹಕ್ಕುಪತ್ರದ ಫೈಲು ಹೆಂಗ್ ಓಡುತ್ತೆ ನೋಡ್ತಾ ಇರು.”

ಹಕ್ಕುಪತ್ರದ ಮಾತು ಬಂದಕೂಡಲೇ ಆಚೆ ಕಂಬದ ಹತ್ತಿರ ನಿಂತಿದ್ದ ದುರ್ಗಮ್ಮನ ಮಗ ತಿಪ್ಪೇಶ್ ಎರಡು ಏಟು ಜೋರಾಗಿ ಹಾಕಿದ. ಕಲ್ಲಿನ ಚೂರು ಸಿಡಿದು ನೆಲಕ್ಕೆ ಬಿತ್ತು. ಒಳಗಿನ ಕಲ್ಲು ಒಡೆದ ತೆಂಗಿನಕಾಯಿಯ ಹಾಗೆ ಬೆಳ್ಳಗೆ ಕಂಡಿತು.

ಸಿಂಗಟಗೆರೆ ದಾರಿಯ ಮಗ್ಗುಲಲ್ಲಿರುವ ಚತ್ರದಕೊಪ್ಪಲಿಗೆ ಆ ಹೆಸರು ಬಂದದ್ದೇ ಈ ಕಲ್ಲುಚತ್ರದಿಂದ. ಯಾವ ಕಾಲದಲ್ಲೋ ಗಾಡಿಯವರು ಇಳಿದುಕೊಳ್ಳುತ್ತಿದ್ದ ಜಾಗ. ಅದರ ಬೆನ್ನಿಗೆ ನಲವತ್ತು ವರ್ಷದಿಂದ ಆರು ಭೋವಿ ಕುಟುಂಬಗಳು ಗುಡಿಸಲು ಹಾಕಿಕೊಂಡಿದ್ದವು. ಊರಿನ ಮನೆಗಳ ಪಾಯದ ಕಲ್ಲೆಲ್ಲ ಅವರು ಒಡೆದುಕೊಟ್ಟದ್ದೇ. ಗುಡಿಸಲು ಸೋರುವ ದಿನ ಚತ್ರದೊಳಗೆ ಮಲಗಲು ಹೋದರೆ ಮಾತ್ರ ಊರಿನವರು ದೊಣ್ಣೆ ಹಿಡಿದು ಬರುತ್ತಿದ್ದರು. ಪಂಚಾಯ್ತಿ ಅಧ್ಯಕ್ಷೆ ಈರಭದ್ರಪ್ಪನ ಹೆಂಡತಿ ಹೇಮಾವತಿ. ಆಯಮ್ಮನ ಕೆಲಸ ರುಜು ಹಾಕುವುದು, ಉಳಿದದ್ದೆಲ್ಲ ಈತನದು. ಜನ ಅಧ್ಯಕ್ಷರು ಅನ್ನುತ್ತಿದ್ದುದೂ ಈತನನ್ನೇ.

ಹೋದ ತಿಂಗಳು ಕಾರಿನಲ್ಲಿ ಇಬ್ಬರು ಬಂದು ಚತ್ರದ ಬಾಗಿಲಿಂದ ಟಾರು ರಸ್ತೆಯವರೆಗೆ ಟೇಪು ಹಿಡಿದಿದ್ದರು. ಕುಡಿಯಲು ನೀರು ಕೊಟ್ಟದ್ದು ದುರ್ಗಮ್ಮನೇ. “ಪೆಟ್ರೋಲ್ ಬಂಕಿಗೆ ಇದಕ್ಕಿಂತ ಜಾಗ ಸಿಗಲ್ಲ” ಎಂದು ಒಬ್ಬ ಅಂದದ್ದು ಅವಳ ಕಿವಿಯಲ್ಲೇ ಉಳಿದಿತ್ತು.

“ಲೇ ತಿಪ್ಪೇಸಿ, ಇದ್ರಲ್ಲೇನೋ ಐತೆ ಕಣೋ,” ಅಂದಳು ಮಗನ ಹತ್ತಿರ ಬಂದು. “ಹನ್ನೊಂದು ವರ್ಸದಿಂದ ಮಲಗಿರೋ ಫೈಲು ಇವತ್ತು ಓಡುತ್ತಂತಾ?”

“ಇರ್ಲಿ ಬಿಡವ್ವ. ಒಡೀದಿದ್ರೆ ಇನ್ಯಾರನ್ನೋ ಕರ್ಕೊಂಡ್ ಬಂದು ಒಡೆಸ್ತಾನೆ. ಕೆಲ್ಸಾನೂ ಹೋಯ್ತು, ಹಕ್ಕುಪತ್ರಾನೂ ಹೋಯ್ತು.”

ಅದೂ ನಿಜವೇ. ದುರ್ಗಮ್ಮ ಸುತ್ತಿಗೆ ಬೀಸಿದಳು. ಸಂಜೆಗೆ ಆರು ಕಂಬದ ಆರೂ ಮೂರ್ತಿಗಳಿಗೆ ಮುಖವಿರಲಿಲ್ಲ. ಬಾಗಿಲ ಪಕ್ಕದ ಹಳೆಗನ್ನಡದ ಸಾಲುಗಳು ಚಕ್ಕೆ ಚಕ್ಕೆಯಾಗಿ ಎದ್ದುಹೋಗಿದ್ದವು.

ಮರುದಿನ ಹತ್ತು ಗಂಟೆಗೆ ಜೀಪು ಬಂತು.

ಇಳಿದವಳು ಸ್ಫೂರ್ತಿ ಅನ್ನುವ ಹುಡುಗಿ. ಕೈಯಲ್ಲಿ ಟ್ಯಾಬು, ಕೊರಳಲ್ಲಿ ಗುರುತಿನ ಚೀಟಿ. ತಾಲ್ಲೂಕಿನ ಹಳೆಯ ಕಟ್ಟಡಗಳನ್ನೆಲ್ಲ ನೋಡಿ ಅಂಕ ಕೊಡುವುದು ಅವಳ ಕೆಲಸ. ನೂರಕ್ಕೆ ನಲವತ್ತು ಬಂದರೆ ಕಟ್ಟಡ ಉಳಿಸುವ ಪಟ್ಟಿಗೆ, ಸುತ್ತ ಯಾರೂ ಏನೂ ಕಟ್ಟುವಂತಿಲ್ಲ. ಬರದಿದ್ದರೆ ಜಾಗ ಪಂಚಾಯ್ತಿಗೆ, ಅವರಿಷ್ಟ. ಇಷ್ಟನ್ನು ಜಗಲಿಯ ಮೇಲೆ ನಿಂತು ಅವಳೇ ಎಲ್ಲರಿಗೂ ಕೇಳುವಂತೆ ಹೇಳಿದಳು. ಮೂಗು ಒಡೆಸಿದ್ದು ಯಾಕೆಂದು ದುರ್ಗಮ್ಮನಿಗೆ ಈಗ ಗೊತ್ತಾಯಿತು.

ಸ್ಫೂರ್ತಿ ಕಂಬದ ಮೇಲೆ ಬೆರಳಾಡಿಸಿದಳು. ಬೆರಳ ತುದಿಗೆ ಕಲ್ಲಿನ ಬಿಳಿ ಪುಡಿ ಅಂಟಿತು.

“ಇದು ಹೊಸದಾಗಿ ಒಡೆದಿರೋದು. ಯಾರು ಮಾಡಿದ್ದು?”

ಈರಭದ್ರಪ್ಪ ಇಸ್ತ್ರಿ ಪಂಚೆಯ ಅಂಚು ಹಿಡಿದು ನಿಂತಿದ್ದ. ಮುಖದಲ್ಲಿ ಮನೆಯವರನ್ನು ಕಳೆದುಕೊಂಡಷ್ಟು ದುಃಖ. “ಇನ್ಯಾರು ಮೇಡಂ? ಹಿಂದ್ಗಡೆ ಸೇರ್ಕೊಂಡವ್ರಲ್ಲ, ಅವ್ರೇ. ನಿಧಿ ಐತೆ ಅಂತ ಯಾರೋ ತಲೆ ಕೆಡಿಸವ್ರೆ. ಎಷ್ಟು ಕಾಯೋದು ನಾವು? ಬೆಳಗ್ಗೆನೇ ಠಾಣೆಗೆ ಅರ್ಜಿ ಕೊಟ್ಬಿಟ್ಟು ಬಂದೆ.”

“ಯಜಮಾನ್ರೇ!” ತಿಪ್ಪೇಶ್ ಮುಂದೆ ನುಗ್ಗಿದ. “ನೀವೇ ಅಲ್ವಾ ನಿಂತ್ಕೊಂಡು ಒಡೆಸಿದ್ದು?”

“ನೋಡಿ ಮೇಡಂ, ಒಡೆದಿದ್ದೀವಿ ಅಂತ ಅವನ ಬಾಯಲ್ಲೇ ಬಂತು,” ಎಂದ ಈರಭದ್ರಪ್ಪ ಮೆತ್ತಗೆ.

ಮುಂದೆ ನಡೆದದ್ದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅರಳಿಮರದ ಕೆಳಗೆ ಮೊದಲೇ ಬಂದು ಚಹಾ ಕುಡಿಯುತ್ತಿದ್ದ ಪೇದೆ ಎದ್ದು ಬಂದ. ಗುಡಿಸಲಿಗೆ ನುಗ್ಗಿ ಉಳಿಗಳ ಚೀಲ ಎಳೆದು ತಂದ. “ಸಾಮಾನು ಸಮೇತ ಸಿಕ್ಕವ್ನೆ ಬೋಳಿಮಗ,” ಎಂದು ತಿಪ್ಪೇಶನ ಕತ್ತಿನ ಪಟ್ಟಿ ಹಿಡಿದು ಕೆನ್ನೆಗೆ ಬಾರಿಸಿದ. ಕಲ್ಲುಕುಟಿಗನ ಮನೆಯಲ್ಲಿ ಉಳಿ ಸಿಗದೆ ಇನ್ನೇನು ಸಿಗುತ್ತದೆ ಎಂದು ಅಲ್ಲಿದ್ದ ಒಬ್ಬರೂ ಕೇಳಲಿಲ್ಲ. ತಿಪ್ಪೇಶನನ್ನು ಕೂರಿಸಿಕೊಂಡು ಹೊರಟ ಪೇದೆಯ ಬೈಕಿನ ಹಿಂದೆ ಅವನ ಹೆಂಡತಿ ಭವ್ಯ ರಸ್ತೆಯವರೆಗೆ ಓಡಿದಳು.

ಸ್ಫೂರ್ತಿಗೂ ಕಸಿವಿಸಿಯಾದಂತಿತ್ತು. ಆದರೂ ಟ್ಯಾಬು ತೆರೆದು ಒಂದೊಂದೇ ಒತ್ತತೊಡಗಿದಳು. ಬಾಯಿಯಲ್ಲಿ ಹೇಳಿಕೊಳ್ಳುವುದು ಅವಳ ಅಭ್ಯಾಸ. “ಮೂಲ ಸ್ವರೂಪ, ಇಪ್ಪತ್ತಕ್ಕೆ ಮೂರು. ಶಾಸನ, ಓದಲಾಗದು. ಸುತ್ತಲ ಪರಿಸರ, ಒತ್ತುವರಿ ಗುಡಿಸಲು ಆರು. ಸೊನ್ನೆ.”

“ನಾವು ಸೊನ್ನೆನಾ ಮೇಡಂ?” ದುರ್ಗಮ್ಮ ಕೇಳಿದಳು.

ಹುಡುಗಿ ತಲೆ ಎತ್ತಿದಳು. “ನಿಮಗಲ್ಲಮ್ಮ. ಜಾಗಕ್ಕೆ ಕೊಡೋ ಅಂಕ ಅದು.”

“ಅಂಗಿದ್ರೆ ನಲವತ್ತು ಬಂದಿದ್ರೆ ನಮ್ಮನ್ನ ಇಲ್ಲೇ ಬಿಡ್ತಿದ್ರಾ?”

ಸ್ಫೂರ್ತಿ ಟ್ಯಾಬು ಕೆಳಗಿಳಿಸಿದಳು. “ಇಲ್ಲ. ಆಗಲೂ ತೆರವು ಮಾಡಬೇಕಾಗ್ತಿತ್ತು.”

ದುರ್ಗಮ್ಮ ಆ ಮುಖವನ್ನು ನೋಡಿದಳು. ಒಬ್ಬ ಸುಳ್ಳು ಹೇಳಿ ಎಬ್ಬಿಸುತ್ತಾನೆ, ಇವಳು ನಿಜ ಹೇಳಿ ಎಬ್ಬಿಸುತ್ತಾಳೆ. ಇವಳನ್ನು ನಂಬುವುದೋ ಬೇಡವೋ ಅವಳಿಗೆ ಗೊತ್ತಾಗಲಿಲ್ಲ. ಆದರೂ ಭಾನುವಾರ ನಡೆದದ್ದನ್ನೆಲ್ಲ ಬೈಕು ನಿಂತಿದ್ದ ಜಾಗದಿಂದ ಹಿಡಿದು ಬೈಗುಳದವರೆಗೆ ಬಿಡದೆ ಹೇಳಿದಳು.

“ಸಾಕ್ಷಿ ಏನಾದ್ರೂ ಇದೆಯಾಮ್ಮ? ಅವರು ಕೊಟ್ಟ ಚೀಟಿ, ಬರವಣಿಗೆ?”

“ಮೂಗು ಒಡೆಯೋಕೆ ಯಾರಾದ್ರೂ ಚೀಟಿ ಕೊಡ್ತಾರಾ?”

“ಬರವಣಿಗೆಯಲ್ಲಿ ಇಲ್ಲದ್ದನ್ನ ನಾನು ಹಾಕೋಕೆ ಬರಲ್ಲ. ಗುರುವಾರ ಹತ್ತೂವರೆಗೆ ಸಮಿತಿಯವರು ಬರ್ತಾರೆ. ಕಟ್ಟಡದ ಮೇಲೆ ಇರೋದನ್ನೆಲ್ಲ ಫೋಟೊ ತೆಗೆದು ವರದಿಗೆ ಸೇರಿಸ್ತಾರೆ. ಅವರ ಹತ್ರ ಹೇಳಿ ನೋಡಿ.”

ಬುಧವಾರ ಸಂಜೆ ಈರಭದ್ರಪ್ಪ ಗುಡಿಸಲ ಮುಂದೆ ಬೈಕು ನಿಲ್ಲಿಸಿದ, ಇಳಿಯಲಿಲ್ಲ. “ಶುಕ್ರವಾರದೊಳಗೆ ಆರೂ ಮನೆಯವ್ರು ಜಾಗ ಖಾಲಿ ಮಾಡ್ಕೊಂಡು ಹೋದ್ರೆ ಅರ್ಜಿ ವಾಪಸ್ ತಗೋತೀನಿ. ಇಲ್ದಿದ್ರೆ ನಿನ್ ಮಗ ಒಳಗೇ ಕೊಳೀತಾನೆ.”

ಅವನು ಹೋದ ಮೇಲೆ ಭವ್ಯ ಅಳುತ್ತ ಅಂದಳು, “ಹೋಗ್ಬಿಡಾಣ ಅತ್ತೆ. ಅವ್ರು ಮನೆಗೆ ಬಂದ್ರೆ ಸಾಕು ನಂಗೆ.”

“ಎದ್ದು ಹೋದ್ರೆ ಬಿಡ್ತಾನೆ ಅಂತ ಯಾವ್ ದೇವ್ರು ಬಂದು ಹೇಳ್ದ ನಿಂಗೆ? ಹೋದ್ಮೇಲೆ ಕಳ್ಳರು ಓಡೋದ್ರು ಅಂತಾನೆ. ಹಕ್ಕುಪತ್ರ ಕೊಡ್ತೀನಿ ಅಂದಿದ್ದೂ ಇದೇ ನಾಲಿಗೆ ಅಲ್ವೇನೇ?” ದುರ್ಗಮ್ಮ ಸೆರಗಿನಿಂದ ಸೊಸೆಯ ಮುಖ ಒರೆಸಿದಳು. “ನಿಂಗೆ ದುಂಡಗೆ ಬರೆಯೋಕೆ ಬರುತ್ತಲ್ಲ? ಸೀಮೆಸುಣ್ಣ ಐತಾ ನೋಡು.”

ಗುರುವಾರ ಕಣ್ಣು ಕಾಣುವಷ್ಟು ಬೆಳಕು ಹರಿಯುತ್ತಲೇ, ಪೇದೆಯ ಕಣ್ಣಿಗೆ ಬೀಳದೆ ಉಳಿದಿದ್ದ ಒಂದು ಉಳಿ, ಸುತ್ತಿಗೆ ಹಿಡಿದು ದುರ್ಗಮ್ಮ ಚತ್ರದ ಮುಂದೆ ಬಂದು ಕೂತಳು. ರಸ್ತೆಗೆ ಮುಖ ಮಾಡಿದ ಜಗಲಿಯ ಕಟ್ಟೆಗೆ ಹಾಸಿಗೆಯಷ್ಟು ಅಗಲದ ಒಂದೇ ಕಲ್ಲು. ಅದರ ಮೇಲೆ ಭವ್ಯ ಗೇಣುದ್ದದ ಅಕ್ಷರ ಬರೆದಳು. ಅತ್ತೆ ಹೇಳಿದಂತೆ ಬರೆಯುತ್ತ ಒಂದು ಕಡೆ ನಿಂತಳು.

“ಒಡೆದವರು ನಾವು ಅಂತ ನಾವೇ ಯಾಕ್ ಬರೀಬೇಕು ಅತ್ತೆ?”

“ಒಡ್ದಿದ್ದು ಹೌದಲ್ಲ. ಬರಿ.”

“ಅವ್ರ ಹೆಸ್ರಿನ ಮುಂದೆ ಶ್ರೀ ಹಾಕ್ಲಾ?”

“ಬ್ಯಾಡ.”

ಆ ಹೆಸರು ದುರ್ಗಮ್ಮನ ಕೈಗೆ ರೂಢಿಯಾಗಿತ್ತು. ಬಸ್ ನಿಲ್ದಾಣದ ಉದ್ಘಾಟನೆಯ ಕಲ್ಲಿಗೆ, ನೀರಿನ ಟ್ಯಾಂಕಿನ ಕಲ್ಲಿಗೆ, ಅಂಗನವಾಡಿಯ ಶೌಚಾಲಯದ ಕಲ್ಲಿಗೆ ಅದನ್ನು ಕೆತ್ತಿದವಳು ಅವಳೇ. ಮೊದಲ ಏಟಿಗೇ ಗುಡಿಸಲುಗಳಿಂದ ತಲೆಗಳು ಹೊರಬಂದವು. ಪಕ್ಕದ ಗುಡಿಸಲಿನ ಹಾಲಮ್ಮ ನಿದ್ದೆಗಣ್ಣಲ್ಲೇ ಬಂದು ನೋಡಿದಳು, ಏನೂ ಕೇಳದೆ ಒಳಗೆ ಹೋಗಿ ತನ್ನ ಉಳಿ ತಂದು ಇನ್ನೊಂದು ತುದಿಯ ಅಕ್ಷರಕ್ಕೆ ಕೂತಳು. ಮತ್ತೆ ಮೂವರು ಬಂದರು. ಬಿಸಿಲೇರುವ ಹೊತ್ತಿಗೆ ಐದು ಸುತ್ತಿಗೆಗಳ ಸದ್ದು ಊರಿನ ಆಚೆ ತುದಿಯವರೆಗೂ ಹೋಗುತ್ತಿತ್ತು.

ಈರಭದ್ರಪ್ಪ ಬಂದಾಗ ಗಂಟೆ ಹತ್ತು. ಹಿಂದೆಯೇ ಅದೇ ಪೇದೆ. ಕಟ್ಟೆಯ ಕಲ್ಲಿನ ಮೇಲೆ ಗೇಣಗಲದ ಅಕ್ಷರಗಳು ಬೆಳ್ಳಗೆ ನಿಂತಿದ್ದವು.

ಒಡೆದವರು ನಾವು. ಒಡೆಸಿದವನು ಈರಭದ್ರಪ್ಪ.

ಈರಭದ್ರಪ್ಪ ಕಟ್ಟೆಯ ಹತ್ತಿರಕ್ಕೆ ನುಗ್ಗಿದ. “ಏನ್ರೇ ಇದು ಲೌಡಿ ಮುಂಡೇರಾ! ಅಳಿಸ್ರೇ! ಈಗಲೇ ಕೆತ್ತಿ ತೆಗೀರೇ!”

“ಯಾರೇ ಹೇಳಿದ್ದು ನಿಂಗೆ ಇದನ್ನ ಕೆತ್ತೋಕೆ?” ಪೇದೆ ಲಾಠಿ ಎತ್ತಿದ.

“ಒಡಿ ಅಂತ ಇವ್ರು ಹೇಳಿದ್ರು,” ದುರ್ಗಮ್ಮ ಮೈಮೇಲಿನ ಕಲ್ಲಿನ ಪುಡಿ ಕೊಡವಿಕೊಂಡು ಎದ್ದಳು. “ಕೆತ್ತೋಕೆ ಯಾರೂ ಹೇಳಿಲ್ಲ.”

ಲಾಠಿ ಅವಳ ಮೊಣಕೈಗೆ ಬಿತ್ತು. ಹಾಲಮ್ಮ ಮತ್ತು ಉಳಿದವರು ಎದ್ದು ಸಾಲಾಗಿ ನಿಂತರು. ದುರ್ಗಮ್ಮ ಬಿದ್ದ ಸುತ್ತಿಗೆಯನ್ನು ಎಡಗೈಯಲ್ಲಿ ಎತ್ತಿಕೊಂಡು ಬಂದು ಈರಭದ್ರಪ್ಪನ ಪಾದದ ಮುಂದೆ ಇಟ್ಟಳು.

“ನಮ್ಮ ಕೈಲಿ ಆಗಲ್ಲ ಯಜಮಾನ್ರೇ. ನೀವೇ ಒಡೀರಿ.”

ಅಷ್ಟರಲ್ಲಿ ಸಿಂಗಟಗೆರೆಯ ಬಸ್ಸು ಬಂದು ಜನರ ಗುಂಪು ಕಂಡು ನಿಂತಿತು. ಕಿಟಕಿಗಳಿಂದ ತಲೆಗಳು ಹೊರಬಂದವು. ಅದರ ಹಿಂದೆ ದಾರಿ ಸಿಗದೆ ಸಮಿತಿಯ ಜೀಪು ಹಾರನ್ ಹೊಡೆಯುತ್ತಿತ್ತು. ಪೇದೆ ದುರ್ಗಮ್ಮನ ರಟ್ಟೆ ಹಿಡಿದಿದ್ದ. ಈರಭದ್ರಪ್ಪ ಒಮ್ಮೆ ಸುತ್ತಿಗೆಯನ್ನು, ಒಮ್ಮೆ ಜೀಪನ್ನು ನೋಡಿದ. ಆಮೇಲೆ ಪಂಚೆ ಎತ್ತಿ ಕಟ್ಟಿ, ಬಗ್ಗಿ ಸುತ್ತಿಗೆಗೆ ಕೈ ಹಾಕಿದ.

ಬಸ್ಸಿನೊಳಗೆ ಯಾರೋ ಒಬ್ಬ ಮುದುಕ ಅಕ್ಷರಕ್ಕೆ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದ. “ಒ… ಡೆ… ಸಿ… ದ… ವ… ನು…”